ನಿಮಗಿದು ಗೊತ್ತೇ? ಚಾಕುವಿನ ಮೊನೆಯಲ್ಲಿ ಭರಚುಕ್ಕಿ

ಸತ್ತೇಗಾಲದ ಪಕ್ಕದಲ್ಲೇ ಕಾವೇರಿ ಬಂಡೆಗಳ ಮೇಲಿಂದ ಧುಮ್ಮಿಕ್ಕುತ್ತಾಳೆ. ಈ ನೋಟವನ್ನು ಬ್ರಷ್ ಮುಟ್ಟದೆ, ಬಣ್ಣದ ಚಾಕುವಿನಲ್ಲೇ, ಅಂದರೆ ಬರೀ ಪ್ಯಾಲೆಟ್ ನೈಫ್‌ನಲ್ಲಿ ಬರೆಯಬಹುದು. ಅದರ ಸುತ್ತ ಒಂದಿಷ್ಟು ಸಂಗತಿಗಳು:

● ಶಿವನಸಮುದ್ರದಲ್ಲಿ ಕಾವೇರಿಗೆ ಎರಡು ಕವಲು. ಪಶ್ಚಿಮದ್ದು ಗಗನಚುಕ್ಕಿ, ಪೂರ್ವದ್ದು ಭರಚುಕ್ಕಿ. ಭರಚುಕ್ಕಿ ಇರುವುದು ಕೊಳ್ಳೇಗಾಲ ತಾಲ್ಲೂಕಿನಲ್ಲಿ.

● ಕಲಾವಿದರ ಬಳಿ ಎರಡು ಬಗೆಯ ಚಾಕುಗಳಿರುತ್ತವೆ. ನೇರವಾದದ್ದು ಬಣ್ಣ ಕಲಸಲು, ಕತ್ತು ಬಾಗಿದ್ದು ಚಿತ್ರ ಬರೆಯಲು. ಕತ್ತು ಬಾಗಿರುವುದರಿಂದ ಬೆರಳು ಹಸಿ ಬಣ್ಣಕ್ಕೆ ತಾಗುವುದಿಲ್ಲ.

● ಜಲಪಾತ ಬರೆಯುವ ಕ್ರಮ ಇದು: ಮೊದಲು ಬಂಡೆಯ ಕಂದು, ಕಪ್ಪು ಬಳಿದು ಒಣಗಲು ಬಿಡಬೇಕು. ಆಮೇಲೆ ಚಾಕುವಿನ ಅಡಿಗೆ ಬಿಳಿ ಮೆತ್ತಿಕೊಂಡು, ಒತ್ತದೆ, ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯಬೇಕು. ಕ್ಯಾನ್ವಾಸಿನ ಉಬ್ಬಿದ ಎಳೆಗಳಿಗಷ್ಟೇ ಬಿಳಿ ಹತ್ತುತ್ತದೆ. ತಗ್ಗಿನಲ್ಲಿ ಬಂಡೆಯ ಬಣ್ಣ ಹಾಗೇ ಇಣುಕುತ್ತದೆ. ಸೀಳುಸೀಳಾಗಿ ಬೀಳುವ ನೀರು ಕಣ್ಣಿಗೆ ಕಟ್ಟುತ್ತದೆ.

● ಕಾಡನ್ನೂ ಚಾಕುವಿನಲ್ಲೇ ಬರೆಯಬಹುದು, ಆದರೆ ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಒಂದೇ ಹಸಿರು ಸಾಲದು. ಹಳದಿ, ನೀಲಿಗಳನ್ನು ಅರ್ಧಂಬರ್ಧ ಕಲಸಿ ಚಾಕುವಿನಲ್ಲಿ ಎಳೆದರೆ ಒಂದೇ ಗೆರೆಯಲ್ಲಿ ನಾಲ್ಕಾರು ಹಸಿರು ಬರುತ್ತವೆ.

● ಚಾಕುವನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು, ಮುಂದಿನ ಬಣ್ಣಕ್ಕೆ ಸಿದ್ಧ. ಊರೂರು ತಿರುಗಿ ಬರೆಯುವವರಿಗೆ ಇದು ದೊಡ್ಡ ಅನುಕೂಲ.

● ಹಿಂದೆ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. 1841ರಲ್ಲಿ ಅಮೆರಿಕದ ಜಾನ್ ಗಾಫ್ ರ‍್ಯಾಂಡ್ ಲೋಹದ ಟ್ಯೂಬ್ ಕಂಡುಹಿಡಿದ ಮೇಲೆ ಬಣ್ಣ ಹೊತ್ತು ಹೊರಗೆ ಹೋಗುವುದು ಸುಲಭವಾಯಿತು.

● ಫ್ರಾನ್ಸಿನ ಕಲಾವಿದ ಗುಸ್ತಾವ್ ಕೂರ್ಬೆ ತನ್ನ ಹುಟ್ಟೂರು ಒರ್ನಾನ್ ಸುತ್ತಲಿನ ಬಂಡೆಗಳನ್ನೂ ಲೂ ನದಿಯ ಉಗಮವನ್ನೂ ಚಾಕು ಹಿಡಿದೇ ಬರೆದ.

● 1950ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಕಲಾವಿದ ಎಸ್.ಎಚ್. ರಝಾ ಅಲ್ಲಿನ ಹಳ್ಳಿಗಳನ್ನು ಚಾಕುವಿನಲ್ಲಿ ದಪ್ಪ ಬಣ್ಣ ಮೆತ್ತಿ ಚಿತ್ರಿಸಿದರು. 1960ರ ಸುಮಾರಿಗೆ ಕಾಶಿಗೆ ಹೋಗಿಬಂದ ಕಲಾವಿದ ರಾಮ್ ಕುಮಾರ್ ಕೈಯಲ್ಲೂ ಇದೇ ಉಪಕರಣ.

● ನಮ್ಮ ರುಮಾಲೆ ಚನ್ನಬಸವಯ್ಯ (1910-1988) ಸ್ವಾತಂತ್ರ್ಯ ಹೋರಾಟಗಾರರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ಕುಳಿತು ಅವುಗಳನ್ನು ಬಣ್ಣದಲ್ಲಿ ಹಿಡಿದಿಟ್ಟರು. ಆ ಚಿತ್ರಗಳೀಗ ನಗರದ ದಾಖಲೆಯೂ ಹೌದು.

● ತೈಲವರ್ಣ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ದಪ್ಪನೆಯ ಬಣ್ಣ ಮೇಲೆ ಒಣಗಿದರೂ ಒಳಗೆ ತಿಂಗಳುಗಟ್ಟಲೆ ಹಸಿ. ಪ್ರಯಾಣದಲ್ಲಿರುವವರಿಗೆ ಬೇಗ ಒಣಗುವ ಅಕ್ರಿಲಿಕ್ ಒಳ್ಳೆಯದು.

● ಬೇಸಿಗೆಯಲ್ಲಿ ಜಲಪಾತ ಸೊರಗುತ್ತದೆ. ಚಿತ್ರ ಬರೆಯಲು ಜುಲೈನಿಂದ ಅಕ್ಟೋಬರ್ ಒಳ್ಳೆಯ ಕಾಲ. ಹೊಳೆ ತುಂಬಿದಾಗ ನೀರಿಗಿಳಿಯದೆ ದೂರದಿಂದಲೇ ಬರೆಯಿರಿ.

● ಶಿವನಸಮುದ್ರದಲ್ಲಿರುವ ಬ್ರಿಟಿಷರ ಕಾಲದ ಕಲ್ಲಿನ ವೆಸ್ಲಿ ಸೇತುವೆಯ ಒಂದು ಭಾಗ 2018ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಇಂದು ಕಾಣುವ ನೋಟ ನಾಳೆಯೂ ಇರುತ್ತದೆಂಬ ಖಾತ್ರಿ ಇಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳ ಚಿತ್ರಕಲಾ ಶಿಕ್ಷಕರೇ, ಈ ಮಳೆಗಾಲದಲ್ಲಿ ಮಕ್ಕಳನ್ನು ಒಮ್ಮೆ ಭರಚುಕ್ಕಿಗೆ ಕರೆದೊಯ್ಯಿರಿ. ತಮ್ಮೂರಿನ ಚಿತ್ರವನ್ನು ಅವರೇ ಬರೆಯಲಿ.