ಪುರಪ್ರವೇಶ

ನಮ್ಮ ಪ್ರಾಚೀನ ಚಂಪೂಕವಿಗಳು ಕಥಾನಾಯಕನ ರಾಜಧಾನಿಯನ್ನು ವರ್ಣಿಸಹೊರಟಾಗ ಓದುಗನನ್ನು ಒಮ್ಮೆಗೇ ಅರಮನೆಯ ಅಂಗಳಕ್ಕೆ ತಂದು ನಿಲ್ಲಿಸುವುದು ಅಪರೂಪ. ಮೊದಲು ನಾಡು, ನಾಡಿನ ನದಿ, ನದಿಯ ಇಕ್ಕೆಲದ ಬತ್ತದ ಗದ್ದೆ, ಊರ ಹೊರಗಣ ಉಪವನ. ಅನಂತರ ಅಗಳು, ಕೋಟೆ, ಹೆಬ್ಬಾಗಿಲು, ಹೂವಿನ ಸಂತೆ. ಇಷ್ಟನ್ನೂ ದಾಟಿಸಿದ ಮೇಲೆಯೇ ರಾಜಸಭೆಯ ದರ್ಶನ. ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಗೊಂದು ಸ್ಥಾನವಿತ್ತು, ಕವಿಗಳು ಆ ವಿಧಿಯನ್ನು ಪಾಲಿಸಿದರು ಎಂದು ಪಂಡಿತರು ಹೇಳುವರು. ಆದರೆ ಪರದೇಶದ ಪಟ್ಟಣಗಳನ್ನು ಕಂಡುಬಂದವರಿಗೆ ಆ ಕ್ರಮದಲ್ಲಿ ಸಂಪ್ರದಾಯಕ್ಕಿಂತ ಹೆಚ್ಚಿನದೇನೋ ಅಡಗಿದೆಯೆಂದು ತೋರದೆ ಇರದು. ಏಕೆಂದರೆ ಅಪರಿಚಿತ ನಗರವೊಂದು ಮನಸ್ಸಿನಲ್ಲಿ ನೆಲೆಗೊಳ್ಳುವುದು ಹಾಗೆಯೇ, ಹೊರಗಿನಿಂದ ಒಳಕ್ಕೆ, ಹಂತಹಂತವಾಗಿ. ಯಾತ್ರಿಕನು ಆ ನಗರವನ್ನು ಯಾವ ದಿಕ್ಕಿನಿಂದ, ಯಾವ ವಾಹನದಲ್ಲಿ, ಯಾವ ಬಾಗಿಲಿನಿಂದ ಹೊಕ್ಕನೆಂಬುದೇ ಅವನ ಮೊದಲ ಅನಿಸಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಹಿಂದಿನ ತಲೆಮಾರಿನಲ್ಲಿ ಓದಿಗಾಗಿ ವಿಲಾಯತಿಗೆ ಹೊರಟ ಕನ್ನಡಿಗನು ಮುಂಬಯಿಯ ಬಲ್ಲಾರ್ಡ್ ಪಿಯರಿನಲ್ಲಿ ಹಡಗು ಹತ್ತಿದರೆ, ಯುರೋಪಿನ ನೆಲವನ್ನು ಮೆಟ್ಟುವ ಮುನ್ನ ದಿನಗಟ್ಟಲೆ ಸಮುದ್ರದೊಡನೆ ಬಾಳಬೇಕಾಗಿತ್ತು. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿನಾಯಕ ಕೃಷ್ಣ ಗೋಕಾಕರಿಗೆ ಆ ಪ್ರಯಾಣವೇ ‘ಸಮುದ್ರ ಗೀತೆಗಳು’ ಎಂಬ ಕವಿತೆಗಳ ಸಂಗ್ರಹಕ್ಕೆ ಪ್ರೇರಣೆಯಾಯಿತು. ಹೀಗೆ ಹೋದವರ ಪಾಲಿಗೆ ಮೊದಲ ವಿದೇಶೀ ನಗರವೆಂದರೆ ಲಂಡನ್ನೂ ಅಲ್ಲ, ಪ್ಯಾರಿಸ್ಸೂ ಅಲ್ಲ. ಹುಲ್ಲಿನೆಸಳಿಲ್ಲದ ಕರಿಯ ಅಗ್ನಿಶಿಲೆಯ ಬೆಟ್ಟಗಳ ಬುಡದಲ್ಲಿ ಕುಳಿತ ಏಡನ್, ಅದಾದ ಮೇಲೆ ಸೂಯೆಜ್ ಕಾಲುವೆಯ ಉತ್ತರದ ತುದಿಯಲ್ಲಿರುವ ಪೋರ್ಟ್ ಸೈಯದ್. 1869ರಲ್ಲಿ ತೆರೆದ ಆ ಕಾಲುವೆಯ ಮುಖದಲ್ಲಿ ಹಡಗು ನಿಂತೊಡನೆ ಸಣ್ಣ ದೋಣಿಗಳು ಸುತ್ತ ಮುತ್ತಿಕೊಳ್ಳುತ್ತಿದ್ದವು. ದೋಣಿಯವನು ಕೆಳಗಿನಿಂದ ಹಗ್ಗದ ತುದಿಯೊಂದನ್ನು ಅಟ್ಟದ ಕಟಕಟೆಗೆ ಎಸೆಯುವನು; ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಚರ್ಮದ ಚೀಲವೋ ಖರ್ಜೂರದ ಪೊಟ್ಟಣವೋ ಮೇಲೇರುವುದು; ಚೌಕಾಶಿ ಮುಗಿದ ಮೇಲೆ ಅದೇ ಬುಟ್ಟಿಯಲ್ಲಿ ಹಣ ಕೆಳಗಿಳಿಯುವುದು. ಊರಿನೊಳಗೆ ಕಾಲಿಡದೆಯೇ ಆ ಊರಿನ ಜನರ ಸ್ವರ, ಚಾತುರ್ಯ, ಜೀವನೋಪಾಯಗಳ ಪರಿಚಯ ಆಗಿಹೋಗುತ್ತಿತ್ತು. ಅಲ್ಲಿಂದ ಮುಂದೆ ಗಾಳಿ ತಣ್ಣಗಾಗುವುದು, ಹಗಲಿನ ಬೆಳಕು ಬೇರೆಯಾಗುವುದು, ಪ್ರಯಾಣಿಕರು ಉಣ್ಣೆಯ ಬಟ್ಟೆಗಳನ್ನು ಪೆಟ್ಟಿಗೆಯಿಂದ ಹೊರತೆಗೆಯುವುದು. ಖಂಡವೊಂದು ಮುಗಿದು ಇನ್ನೊಂದು ತೊಡಗುವುದನ್ನು ದೇಹವೇ ಅರಿಯುತ್ತಿತ್ತು.

ನಗರವೊಂದು ತನ್ನ ಪ್ರವೇಶವನ್ನು ಎಷ್ಟು ವಿಚಾರಪೂರ್ವಕವಾಗಿ ನಿರ್ಮಿಸಿಕೊಳ್ಳಬಲ್ಲುದೆಂಬುದಕ್ಕೆ ವೆನಿಸ್ಸಿಗಿಂತ ಉತ್ತಮ ನಿದರ್ಶನ ನನಗೆ ತಿಳಿಯದು. ನೂರಕ್ಕೆ ಮೇಲ್ಪಟ್ಟ ಕಿರುದ್ವೀಪಗಳ ಮೇಲೆ ನಿಂತ ಆ ನಗರಕ್ಕೆ ಸುತ್ತಣ ಹಿನ್ನೀರೇ ಕೋಟೆಯಾಗಿದ್ದುದರಿಂದ ಇಟಲಿಯ ಇತರ ಪಟ್ಟಣಗಳಂತೆ ಪ್ರಾಕಾರದ ಅಗತ್ಯ ಬೀಳಲಿಲ್ಲ; ಅಧಿಪತಿಯ ಅರಮನೆಯನ್ನು ಸಹ ಕಗ್ಗಲ್ಲಿನ ದುರ್ಗವಾಗಿ ಕಟ್ಟದೆ, ನೀರಿನ ಅಂಚಿನಲ್ಲಿಯೇ ಕಮಾನುಗಳ ತೆರೆದ ಮೊಗಸಾಲೆಯಿಟ್ಟು ಕಟ್ಟಿದರು. ಅದರ ಮುಂದೆ ಎರಡು ಶಿಲಾಸ್ತಂಭಗಳನ್ನು ನೆಟ್ಟು, ಒಂದರ ಮೇಲೆ ಸಂತ ಮಾರ್ಕನ ಲಾಂಛನವಾದ ರೆಕ್ಕೆಯ ಸಿಂಹವನ್ನೂ ಇನ್ನೊಂದರ ಮೇಲೆ ಸಂತ ಥಿಯೋಡೋರನ ಪ್ರತಿಮೆಯನ್ನೂ ಇರಿಸಿದರು. ಗೋಡೆಯಿಲ್ಲದ ನಗರಕ್ಕೆ ಕದವಿಲ್ಲದ ಮಹಾದ್ವಾರವದು. ಶತಮಾನಗಳ ಕಾಲ ರಾಯಭಾರಿಗಳೂ ವರ್ತಕರೂ ಯಾತ್ರಿಕರೂ ಸಮುದ್ರದ ಕಡೆಯಿಂದ ಬಂದು ಆ ಕಂಬಗಳನ್ನೇ ಮೊದಲು ಕಂಡರು. 1846ರಲ್ಲಿ ಹಿನ್ನೀರಿನ ಮೇಲೆ ರೈಲು ಸೇತುವೆಯಾಯಿತು, 1933ರಲ್ಲಿ ಅದರ ಪಕ್ಕದಲ್ಲಿ ಮೋಟಾರು ರಸ್ತೆಯೂ ಬಂದಿತು. ನಗರದ ಮುಖ ತಟ್ಟನೆ ತಿರುಗಿಹೋಯಿತು.

ಆದರೂ ರೈಲಿನಲ್ಲಿ ಬಂದವನಿಗೆ ಅನ್ಯಾಯವಾಯಿತೆಂದು ನಾನು ಹೇಳಲಾರೆ. ಸಾಂತಾ ಲೂಚಿಯಾ ನಿಲ್ದಾಣದ ಬಾಗಿಲನ್ನು ದಾಟಿ ನಾಲ್ಕು ಹೆಜ್ಜೆಯಿಟ್ಟರೆ ವಿಶಾಲವಾದ ಸೋಪಾನ. ಸೋಪಾನದ ಕೆಳಗೆ ರಸ್ತೆಯಿರಬೇಕಾದಲ್ಲಿ ಹಸಿರು ನೀರು. ಎದುರು ದಡದಲ್ಲಿ ಪಾಚಿಬಣ್ಣದ ತಾಮ್ರದ ಗುಮ್ಮಟ. ಒಂದು ಕ್ಷಣ ಕಣ್ಣಿಗೆ ನಂಬಿಕೆ ಬಾರದು. ಆದರೆ ಕಣ್ಣಿಗಿಂತ ಮಿಗಿಲಾಗಿ ಬೆರಗಾಗುವುದು ಕಿವಿ. ಗಾಲಿಗಳ ಸದ್ದಿಲ್ಲ, ಹಾರನ್ನಿಲ್ಲ. ಜನರ ಹೆಜ್ಜೆಯ ಸಪ್ಪಳ, ಮಾತು, ದೋಣಿಯ ಯಂತ್ರದ ಗುಡುಗುಡು, ಕಲ್ಲಿಗೆ ಬಡಿಯುವ ನೀರು. ತರಕಾರಿ, ಅಂಚೆ, ಕಸ, ರೋಗಿ, ಶವ, ಎಲ್ಲವೂ ದೋಣಿಯಲ್ಲೇ ಸಾಗಬೇಕು. ದಡದಿಂದ ಮನೆಯವರೆಗೆ ಸಾಮಾನು ಒಯ್ಯುವ ಕೈಗಾಡಿಯನ್ನು ನಾನು ಬಹಳ ಹೊತ್ತು ನೋಡುತ್ತ ನಿಂತಿದ್ದೆ. ಅದರ ದೊಡ್ಡ ಗಾಲಿಗಳ ಮುಂದೆ ಎರಡು ಸಣ್ಣ ಗಾಲಿಗಳಿರುತ್ತವೆ. ಸೇತುವೆಯ ಮೆಟ್ಟಿಲು ಬಂದೊಡನೆ ಆಳು ಗಾಡಿಯನ್ನು ವಾಲಿಸಿ ಆ ಸಣ್ಣ ಗಾಲಿಗಳನ್ನು ಮೇಲಿನ ಮೆಟ್ಟಿಲಿಗೆ ಊರಿ, ದೊಡ್ಡವನ್ನು ಎತ್ತಿ ತಳ್ಳಿ, ಹೀಗೆ ಒಂದೊಂದೇ ಮೆಟ್ಟಿಲು ಏರುತ್ತಾನೆ. ನಾನೂರಕ್ಕೂ ಹೆಚ್ಚು ಸೇತುವೆಗಳ ಊರಿನಲ್ಲಿ ಒಂದು ಮೂಟೆ ಅಕ್ಕಿ ಮನೆ ಸೇರುವುದು ಎಷ್ಟು ಶ್ರಮದಿಂದ ಎಂಬುದು ಆಗ ತಿಳಿಯಿತು. ಅರಮನೆಯ ಚಿತ್ರಶಾಲೆಗಳನ್ನು ಕಂಡದ್ದು ಆಮೇಲೆ.

ಇಸ್ತಾಂಬುಲ್ ನಗರದ ಮಾತು ಬೇರೆ. ಮಾರ್ಮರಾ ಸಮುದ್ರ, ಬಾಸ್ಫರಸ್ ಜಲಸಂಧಿ, ಗೋಲ್ಡನ್ ಹಾರ್ನ್ ಎಂಬ ಕೊಲ್ಲಿ, ಈ ಮೂರು ಜಲರಾಶಿಗಳು ಕೂಡುವ ಭೂಶಿರದ ಮೇಲೆ ಅದು ನಿಂತಿದೆ. ಕ್ರಿ.ಶ. 537ರಲ್ಲಿ ಪೂರ್ಣವಾದ ಆಯಾ ಸೋಫಿಯಾ, ಆರು ಮಿನಾರುಗಳ ಸುಲ್ತಾನ್ ಅಹ್ಮದ್ ಮಸೀದಿ, ಮಹಾಶಿಲ್ಪಿ ಸಿನಾನ್ 1557ರಲ್ಲಿ ಮುಗಿಸಿದ ಸುಲೇಮಾನಿಯೆ, ಇವೆಲ್ಲ ದಿಬ್ಬಗಳ ನೆತ್ತಿಯ ಮೇಲಿರುವುದರಿಂದ ನೀರಿನ ಮೇಲಿಂದ ನೋಡಿದರೆ ಒಂದೇ ನೋಟಕ್ಕೆ ದಕ್ಕುತ್ತವೆ. ಊರೊಳಗಿನ ಓಣಿಗಳಲ್ಲಿ ಅಲೆದವನಿಗೆ ಆ ಸಮಗ್ರತೆ ಸಿಕ್ಕುವುದಿಲ್ಲ. ಇಟಲಿಯ ಲೇಖಕ ಎಡ್ಮೊಂಡೊ ದೆ ಅಮೀಚಿಸ್ 1870ರ ದಶಕದಲ್ಲಿ ಹಡಗಿನಲ್ಲಿ ಅಲ್ಲಿಗೆ ಬಂದಾಗ ಮುಂಜಾನೆಯ ಮಂಜು ನಗರವನ್ನೆಲ್ಲ ಮುಚ್ಚಿತ್ತು. ಮಂಜು ಹರಿದಂತೆ ಒಂದೊಂದೇ ಗುಮ್ಮಟ, ಒಂದೊಂದೇ ಗೋಪುರ ಮೂಡಿಬಂದ ಪರಿಯನ್ನು ಆತ ತನ್ಮಯನಾಗಿ ಬರೆದಿದ್ದಾನೆ. ಅದೇ ಪ್ರಾಮಾಣಿಕತೆಯಿಂದ, ದಡಕ್ಕಿಳಿದ ಕೆಲವು ಗಂಟೆಗಳಲ್ಲಿಯೇ ಏರುತಗ್ಗಿನ ಇಕ್ಕಟ್ಟು ಬೀದಿಗಳ ಗೊಂದಲದಲ್ಲಿ ಆ ದಿವ್ಯದೃಶ್ಯ ಮಾಯವಾದುದನ್ನೂ ಬರೆದಿದ್ದಾನೆ. ಎರಡೂ ಸತ್ಯ. ಮೊದಲನೆಯದನ್ನು ಭ್ರಾಂತಿಯೆಂದು ಅಲ್ಲಗಳೆಯುವವರ ಪಕ್ಷಕ್ಕೆ ನಾನು ಸೇರಲಾರೆ. ಆ ನಗರವನ್ನು ಕಟ್ಟಿದವರು ಸಹ ನೀರಿನ ಮೇಲಿಂದ ಕಾಣುವ ಆ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಸೀದಿಗಳಿಗೆ ಜಾಗ ಆರಿಸಿರಬೇಕು.

ಏಷ್ಯಾದ ದಡದಲ್ಲಿ ಹೈದರ್‌ಪಾಷಾ ಎಂಬ ಭವ್ಯವಾದ ರೈಲು ನಿಲ್ದಾಣವಿದೆ. ಜರ್ಮನ್ ಶಿಲ್ಪಿಗಳು ಕಟ್ಟಿ 1909ರಲ್ಲಿ ಮುಗಿಸಿದ ಆ ಸೌಧದ ಮುಂದಿನ ಮೆಟ್ಟಿಲುಗಳು ನೇರವಾಗಿ ನೀರಿನತ್ತ ಇಳಿಯುತ್ತವೆ. ಅನತೋಲಿಯಾದ ಒಳನಾಡಿನಿಂದ ಕೆಲಸ ಹುಡುಕಿ ಬಂದ ಹಳ್ಳಿಗರು ಆ ಮೆಟ್ಟಿಲುಗಳ ಮೇಲೆ ನಿಂತೇ ಎದುರು ದಡದ ಮಹಾನಗರವನ್ನು ಮೊದಲು ನೋಡಿದರು. 2013ರಲ್ಲಿ ಬಾಸ್ಫರಸ್ಸಿನ ತಳದಲ್ಲಿ ಸುರಂಗ ತೆರೆದ ಮೇಲೆ ರೈಲು ಕೆಲವೇ ನಿಮಿಷಗಳಲ್ಲಿ ಖಂಡದಿಂದ ಖಂಡಕ್ಕೆ ಹಾಯುತ್ತದೆ, ಪ್ರಯಾಣಿಕನಿಗೆ ಏನೂ ಕಾಣುವುದಿಲ್ಲ. ನಿತ್ಯ ಕೆಲಸಕ್ಕೆ ಹೋಗುವವನಿಗೆ ಅದು ಮಹೋಪಕಾರ. ಆದರೆ ಹೊಸಬನು ಮಾತ್ರ ಕಾದಿಕೊಯ್ ದಡದಿಂದ ದಾಟುಹಡಗನ್ನೇ ಹತ್ತಬೇಕು, ಸಣ್ಣ ನಡುವಿನ ಗಾಜಿನ ಲೋಟದಲ್ಲಿ ಕೊಡುವ ಹಾಲಿಲ್ಲದ ಚಹಾವನ್ನು ಹಿಡಿದು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು.

ಒಂದೇ ಬಾಗಿಲು ಎಲ್ಲರಿಗೂ ಒಂದೇ ತೆರನಾಗಿ ತೆರೆಯಿತೆಂದೇನೂ ಅಲ್ಲ. ನ್ಯೂಯಾರ್ಕ್ ಬಂದರಿನಲ್ಲಿ 1886ರಿಂದ ನಿಂತಿರುವ ಸ್ವಾತಂತ್ರ್ಯದೇವಿಯನ್ನು ಹಡಗಿನ ಮೇಲಿದ್ದವರೆಲ್ಲರೂ ಕಂಡರು; ಆದರೆ ಮೇಲಿನ ದರ್ಜೆಯ ಪ್ರಯಾಣಿಕರ ತಪಾಸಣೆ ಹಡಗಿನಲ್ಲಿಯೇ ಮುಗಿಯುತ್ತಿದ್ದಾಗ, ತಳದ ದರ್ಜೆಯ ಬಡವರನ್ನು ಎಲ್ಲಿಸ್ ದ್ವೀಪಕ್ಕೆ ಒಯ್ಯುತ್ತಿದ್ದರು. 1892ರಿಂದ 1954ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷ ಮಂದಿ ಆ ದ್ವೀಪವನ್ನು ಹಾದುಹೋದರು. ಗಂಟುಮೂಟೆ ಹೊತ್ತು ಮಹಡಿಯ ಮೆಟ್ಟಿಲು ಹತ್ತುವಾಗ ಯಾರು ಏದುತ್ತಾರೆ, ಯಾರು ಕುಂಟುತ್ತಾರೆ ಎಂದು ವೈದ್ಯರು ಮೇಲಿನಿಂದ ನೋಡುತ್ತಿದ್ದರು. ಸಂಶಯ ಬಂದವರ ಅಂಗಿಯ ಮೇಲೆ ಸೀಮೆಸುಣ್ಣದಿಂದ ಅಕ್ಷರವೊಂದನ್ನು ಗುರುತು ಹಾಕುತ್ತಿದ್ದರು. ಅವರ ಪಾಲಿಗೆ ಹೊಸ ನಗರದ ಮೊದಲ ನೆನಪು ಗಗನಚುಂಬಿ ಸೌಧಗಳದ್ದಾಗಿರಲಿಕ್ಕಿಲ್ಲ.

ಈಗ ನಮ್ಮಲ್ಲಿ ಹೆಚ್ಚಿನವರು ಪರದೇಶವನ್ನು ಹೊಗುವುದು ಆಕಾಶದಿಂದ. ವಿಮಾನಕ್ಕೆ ಸಮತಟ್ಟಾದ, ಬಯಲಾದ, ಬಹು ವಿಸ್ತಾರವಾದ ನೆಲ ಬೇಕು. ಅದು ಊರೊಳಗೆ ದೊರೆಯದು. ಆದಕಾರಣ ವಿಮಾನನಿಲ್ದಾಣವು ಊರಿನಿಂದ ಹತ್ತಾರು ಕಿಲೋಮೀಟರ್ ದೂರ ಸರಿದಿರುತ್ತದೆ, ಒಳಗಿನ ಗಾಜು, ಬೆಳಕು, ಅಂಗಡಿಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವಾಗಿರುತ್ತವೆ. ಅಲ್ಲದೆ ಕಣ್ಣು ಲಂಡನ್ನಿನ ಸಂಜೆಯನ್ನು ನೋಡುತ್ತಿರುವಾಗ ದೇಹ ಇನ್ನೂ ಬೆಂಗಳೂರಿನ ನಡುರಾತ್ರಿಯಲ್ಲಿರುತ್ತದೆ. ಇಂಥ ಅರೆನಿದ್ದೆಯಲ್ಲಿ ಒಂದು ನಗರದ ಬಗ್ಗೆ ತೀರ್ಪು ಕೊಡುವುದು ನಗರಕ್ಕೂ ನಮಗೂ ನ್ಯಾಯವಲ್ಲ. ಇದಕ್ಕೆ ಅಲ್ಪಸ್ವಲ್ಪ ಪರಿಹಾರವಿದೆ. ವೆನಿಸ್ಸಿನ ವಿಮಾನನಿಲ್ದಾಣ ಹಿನ್ನೀರಿನ ಅಂಚಿನಲ್ಲಿಯೇ ಇರುವುದರಿಂದ ಬಸ್ಸು ಬಿಟ್ಟು ದೋಣಿಯಲ್ಲಿ ಹೋದರೆ ಇಂದೂ ಸಹ ನೀರಿನ ಮಾರ್ಗದಿಂದ ನಗರವನ್ನು ಸೇರಬಹುದು. ಬೇರೆ ಊರುಗಳಲ್ಲಿ ಮೊದಲ ದಿನ ವಿಶ್ರಮಿಸಿ, ಎರಡನೆಯ ದಿನ ಬೆಳಿಗ್ಗೆ ಹಳೆಯ ಬಂದರಿಗೋ ಹಳೆಯ ರೈಲು ನಿಲ್ದಾಣಕ್ಕೋ ಹೋಗಿ, ಅಲ್ಲಿಂದ ನಡೆದು ಊರನ್ನು ಹೊಸದಾಗಿ ಪ್ರವೇಶಿಸಬಹುದು.

ಇಂಥ ಪ್ರವೇಶದ ವೈಭವ ಒಂದು ಕಾಲದಲ್ಲಿ ನಮ್ಮ ನಾಡಿಗೂ ಇದ್ದಿತು. ಹಿರಾತಿನ ದೊರೆ ಶಾರುಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಮಂಗಳೂರಿನ ಮಾರ್ಗವಾಗಿ ಘಟ್ಟವೇರಿ ವಿಜಯನಗರಕ್ಕೆ ಬಂದಾಗ ಅವನು ಮೊಟ್ಟಮೊದಲು ವರ್ಣಿಸಿದ್ದು ಒಂದರೊಳಗೊಂದು ಇದ್ದ ಏಳು ಕೋಟೆಗಳನ್ನು: ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆ, ಒಳಗಿನ ಸುತ್ತುಗಳಲ್ಲಿ ಅಂಗಡಿಸಾಲು, ನಡುವೆ ಅರಮನೆ. ನಮ್ಮ ಚಂಪೂಕವಿಗಳ ಕ್ರಮವೇ! ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್ ಗುಡ್ಡವೊಂದನ್ನು ಹತ್ತಿ ನೋಡಿ, ಕಂಡಷ್ಟು ಭಾಗವೇ ರೋಮಿನಷ್ಟು ದೊಡ್ಡದೆಂದು ಬರೆದನು. ಬೆಟ್ಟಸಾಲುಗಳು ಅಡ್ಡ ಬಂದು ಉಳಿದುದು ಅವನಿಗೆ ಕಾಣಲಿಲ್ಲ. ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ, ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳು ಹದಿನೈದಿಪ್ಪತ್ತು ಮಂದಿಯನ್ನು ಹೊತ್ತು ಸದಾ ತಿರುಗುತ್ತ ಸಾಗುತ್ತಿದ್ದುದನ್ನೂ ಅವನು ಗಮನಿಸಿದ್ದಾನೆ.

ಆ ಹರಿಗೋಲು ತುಂಗಭದ್ರೆಯಲ್ಲಿ ಇನ್ನೂ ಇದೆ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಅಷ್ಟೆ. ಹಂಪೆಯನ್ನು ನೋಡಬಯಸುವ ವಿದೇಶೀ ಮಿತ್ರರನ್ನು ಮೋಟಾರಿನಲ್ಲಿ ನೇರವಾಗಿ ವಿರೂಪಾಕ್ಷನ ಗುಡಿಯ ಮುಂದೆ ಇಳಿಸದೆ, ಆನೆಗೊಂದಿಯ ಕಡೆಯಿಂದ ಹೊಳೆ ದಾಟಿಸಿ, ತಳವಾರಘಟ್ಟದ ಹಳೆಯ ಕೋಟೆಬಾಗಿಲಿನೊಳಗೆ ನಡೆಸಿಕೊಂಡು ಬನ್ನಿರೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಮಳೆಗಾಲದಲ್ಲಿ ಹೊಸಪೇಟೆಯ ಜಲಾಶಯದಿಂದ ನೀರು ಬಿಟ್ಟಾಗ ಹರಿಗೋಲು ನಡೆಸುವಂತಿಲ್ಲ. ಆದ್ದರಿಂದ ಆ ಮಿತ್ರರು ಮಾಗಿಯ ತಿಂಗಳುಗಳಲ್ಲಿ ಬರುವಂತೆ ಮೊದಲೇ ತಿಳಿಸುವುದು ಒಳ್ಳೆಯದು.