ಜಾಡಿಯಲ್ಲಿ ಹಣ್ಣಾಗುವ ಕ್ರಿಸ್‌ಮಸ್

ಡಿಸೆಂಬರ್ 25ರಿಂದ ಹಿಂದಕ್ಕೆ 42 ದಿನ ಎಣಿಸಿದರೆ ಸಿಗುವುದು ನವೆಂಬರ್ 13. ಬೆಂಗಳೂರಿನ ಫ್ರೇಜರ್ ಟೌನ್, ಕುಕ್ ಟೌನ್, ಲಿಂಗರಾಜಪುರದ ಹಳೆಯ ಕ್ರೈಸ್ತ ಮನೆಗಳಲ್ಲಿ ಆ ದಿನ ದಾಟುವುದರೊಳಗೆ ದ್ರಾಕ್ಷಿ ಜಾಡಿಗೆ ಬಿದ್ದಿರಬೇಕು. ಹುದುಗಲು 21 ದಿನ, ತಿಳಿಯಾಗಲು ಮತ್ತೆ 21 ದಿನ. ಕೇಕಿನ ಒಣಹಣ್ಣು ರಮ್ಮಿನಲ್ಲಿ ನೆನೆಯುವುದು ಒಂದೆರಡು ವಾರ ತಡವಾದರೂ ನಡೆಯುತ್ತದೆ, ಕುಲ್‌ಕುಲ್ ಮತ್ತು ರೋಸ್ ಕುಕ್ಕಿಗಳನ್ನು ಹಬ್ಬದ ಹಿಂದಿನ ವಾರ ಕೂತು ಮಾಡಬಹುದು. ವೈನಿಗೆ ಮಾತ್ರ ಅವಸರ ಆಗದು. ಅದಕ್ಕೇ ಈ ಮನೆಗಳಲ್ಲಿ ಹಬ್ಬದ ತಯಾರಿ ನಕ್ಷತ್ರದ ದೀಪ ತೂಗುಹಾಕುವುದಕ್ಕೂ ಮೊದಲೇ, ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಕಪ್ಪು ದ್ರಾಕ್ಷಿಯ ಬುಟ್ಟಿಗೆ ಚೌಕಾಸಿ ಮಾಡುವುದರಿಂದ ಶುರುವಾಗುತ್ತದೆ.

ಆ ಕಪ್ಪು ದ್ರಾಕ್ಷಿಯ ಹೆಸರು ಬೆಂಗಳೂರು ಬ್ಲೂ. ತಳ್ಳುಗಾಡಿಯವರ ಬಾಯಲ್ಲಿ ಬರಿ ‘ಬೀಜದ ದ್ರಾಕ್ಷಿ’. ದಪ್ಪ ಸಿಪ್ಪೆ, ಲೋಳೆಯಂಥ ತಿರುಳು, ಬೀಜ, ಒಂದಿಷ್ಟು ಹುಳಿ, ಮೂಗಿಗೆ ತಟ್ಟನೆ ಹತ್ತುವ ಗಾಢ ವಾಸನೆ. ಯುರೋಪಿನ ದ್ರಾಕ್ಷಿ ಮತ್ತು ಅಮೆರಿಕದ ಲಬ್ರುಸ್ಕಾ ಪ್ರಭೇದ ಎರಡರ ರಕ್ತವೂ ಇದರಲ್ಲಿದೆ. ಆ ವಾಸನೆ ಬಂದಿರುವುದು ಲಬ್ರುಸ್ಕಾ ಕಡೆಯಿಂದ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣು ಮತ್ತು ತಂಪು ರಾತ್ರಿಗಳಿಗೆ ಒಗ್ಗಿಕೊಂಡ ಈ ಬಳ್ಳಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. 2013ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿತು. ಫ್ರಾನ್ಸಿನ ತಳಿಗಳಿಂದ ವೈನ್ ಮಾಡುವ ದೊಡ್ಡ ಕಂಪನಿಗಳವರು ಬೆಂಗಳೂರು ಬ್ಲೂ ಎಂದರೆ ಮೂಗು ಮುರಿಯುವುದುಂಟು, ಅದರ ವಾಸನೆ ಅವರಿಗೆ ಒರಟು. ಮನೆ ವೈನಿನ ರುಚಿ ಕಂಡವರಿಗೆ ಆ ವಾಸನೆಯೇ ಕ್ರಿಸ್‌ಮಸ್. ನನ್ನ ಮಟ್ಟಿಗೆ ಈ ವಿಷಯದಲ್ಲಿ ಮನೆಯವರದೇ ಸರಿ: ಚಕ್ಕೆ ಲವಂಗದ ಜೊತೆ ಸೆಣಸಿ ನಿಲ್ಲಲು ಇಷ್ಟು ಗಟ್ಟಿ ದ್ರಾಕ್ಷಿಯೇ ಬೇಕು.

ಮಾಡುವ ಕ್ರಮ ಮನೆಯಿಂದ ಮನೆಗೆ ಸ್ವಲ್ಪ ಬದಲಾದರೂ ಮೂಲ ಒಂದೇ. ಒಂದು ಕಿಲೋ ದ್ರಾಕ್ಷಿಯನ್ನು ತೊಟ್ಟು ಬಿಡಿಸಿ, ತೊಳೆದು, ನೀರಿನ ಪಸೆ ಇಲ್ಲದಂತೆ ಬಟ್ಟೆಯ ಮೇಲೆ ಆರಿಸುತ್ತಾರೆ. ಉಪ್ಪಿನಕಾಯಿ ಹಾಕುವಂಥ ಪಿಂಗಾಣಿ ಜಾಡಿಯನ್ನು ಬಿಸಿಲಿಗಿಟ್ಟು ಒಣಗಿಸಿ, ದ್ರಾಕ್ಷಿಯನ್ನು ಕೈಯಲ್ಲೋ ಮರದ ಸೌಟಿನಲ್ಲೋ ಹಿಸುಕಿ ಹಾಕುತ್ತಾರೆ. ಬೀಜ ಅರೆಯಬಾರದು, ಅರೆದರೆ ಕಹಿ. ಮಿಕ್ಸಿಗೆ ಹಾಕುವವರ ವೈನ್ ಕಹಿಯಾಗುವುದು ಇದೇ ಕಾರಣಕ್ಕೆ. ಮೇಲೆ ಸಕ್ಕರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರು, ಬೆಚ್ಚಗಿನ ನೀರಿನಲ್ಲಿ ಎಬ್ಬಿಸಿದ ಒಂದು ಚಮಚ ಈಸ್ಟ್, ಒಂದು ಹಿಡಿ ಗೋಧಿ, ಒಂದು ತುಂಡು ಚಕ್ಕೆ, ನಾಲ್ಕೈದು ಲವಂಗ. ಜಾಡಿಯ ಬಾಯಿಗೆ ತೆಳು ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿ ಇಟ್ಟರೆ ಮರುದಿನವೇ ಒಳಗೆ ಬುಸುಗುಟ್ಟುವ ಸದ್ದು ಕೇಳುತ್ತದೆ.

ಹಿರಿಯರು ಕಾರಣ ಹೇಳದೆ ಪಾಲಿಸಿಕೊಂಡು ಬಂದ ಒಂದೊಂದು ನಿಯಮದ ಹಿಂದೆಯೂ ಗಟ್ಟಿಯಾದ ಕಾರಣವಿದೆ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನಂತೂ ಹತ್ತಿರ ಸೇರಿಸುವುದಿಲ್ಲ, ಏಕೆಂದರೆ ದ್ರಾಕ್ಷಿಯ ಹುಳಿ ಆ ಲೋಹಗಳನ್ನು ತಿನ್ನುತ್ತದೆ. ಮುಚ್ಚಳ ಬಿಗಿ ಮಾಡುವುದಿಲ್ಲ, ಏಕೆಂದರೆ ಈಸ್ಟ್ ಸಕ್ಕರೆಯನ್ನು ಒಡೆದು ಆಲ್ಕೋಹಾಲ್ ಮಾಡುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಅದಕ್ಕೆ ದಾರಿ ಇಲ್ಲದಿದ್ದರೆ ಜಾಡಿ ಸಿಡಿಯುತ್ತದೆ. ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ತಿರುಗಿಸಲೇಬೇಕು. ಆ ಅನಿಲ ಸಿಪ್ಪೆಗಳನ್ನೆಲ್ಲ ಮೇಲೆ ತಳ್ಳಿ ದಪ್ಪ ಪದರ ಕಟ್ಟುತ್ತದೆ, ಹಾಗೇ ಬಿಟ್ಟರೆ ಪದರ ಒಣಗಿ ಬೂಷ್ಟು ಹಿಡಿಯುತ್ತದೆ. ತಿರುಗಿಸಿ ಮುಳುಗಿಸಿದಾಗ ಬೂಷ್ಟೂ ಇಲ್ಲ, ಸಿಪ್ಪೆಯ ಬಣ್ಣವೂ ರಸಕ್ಕೆ ಇಳಿಯುತ್ತದೆ. ಈ ವೈನಿನ ಕೆನ್ನೀಲಿ ಬಣ್ಣ ಬಹುಪಾಲು ಸಿಪ್ಪೆಯದು. ಗೋಧಿಯ ಕಾಳು ಈಸ್ಟಿಗೆ ಮೇವು ಎಂದು ಕೆಲವರು, ವೈನಿಗೆ ಮೈ ಕೊಡುತ್ತದೆ ಎಂದು ಕೆಲವರು. ಹಾಕದೆ ಬಿಟ್ಟರೂ ವೈನ್ ಆಗುತ್ತದೆ, ಆದರೆ ಬಿಡುವವರು ಕಡಿಮೆ.

ಸಕ್ಕರೆಯ ವಿಷಯದಲ್ಲಿ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಜಾಡಿಗಳು ಕೆಡುವುದು ಇಲ್ಲೇ. ಒಂದು ಕಿಲೋ ದ್ರಾಕ್ಷಿಗೆ ಒಂದು ಕಿಲೋ ಸಕ್ಕರೆ ಎಂಬುದು ಅನೇಕ ಮನೆಗಳ ಲೆಕ್ಕ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಬರುತ್ತದೆ. ಆಲ್ಕೋಹಾಲ್ ಶೇ 12–14ರ ಆಸುಪಾಸು ತಲುಪಿದಾಗ ಸಾಮಾನ್ಯ ಈಸ್ಟ್ ತಾನೇ ಹುಟ್ಟಿಸಿದ ಆಲ್ಕೋಹಾಲಿನಲ್ಲಿ ಸೋತು ಕೂರುತ್ತದೆ. ಉಳಿದ ಸಕ್ಕರೆಯೆಲ್ಲ ಹಾಗೆಯೇ ಸಿಹಿಯಾಗಿ ನಿಲ್ಲುತ್ತದೆ. ಮನೆ ವೈನ್ ಅಂಗಡಿಯ ವೈನಿಗಿಂತ ಸಿಹಿ ಏಕೆ ಎಂಬ ಪ್ರಶ್ನೆಗೆ ಇದೇ ಉತ್ತರ. ಕಿಲೋಗೆ ಕಿಲೋ ಹಾಕಿದಾಗ ಇನ್ನೊಂದು ತೊಂದರೆಯೂ ಇದೆ: ಮೊದಲ ದಿನವೇ ಅಷ್ಟು ದಪ್ಪ ಪಾಕದಲ್ಲಿ ಈಸ್ಟಿಗೆ ಉಸಿರು ಕಟ್ಟಿ, ಹುದುಗು ಅರ್ಧಕ್ಕೇ ನಿಂತುಹೋಗಿ, ಹಬ್ಬದ ದಿನ ಲೋಟಕ್ಕೆ ಬರುವುದು ದ್ರಾಕ್ಷಿ ಶರಬತ್ತು. ಕೈ ಪಳಗಿದವರು ಸಕ್ಕರೆಯನ್ನು ಎರಡು ಕಂತಿನಲ್ಲಿ, ಅರ್ಧ ಮೊದಲ ದಿನ, ಅರ್ಧ ವಾರದ ಮೇಲೆ ಹಾಕುತ್ತಾರೆ. ಒಟ್ಟು ಅರ್ಧ ಕಿಲೋ ಸಾಕು, ಅಷ್ಟಕ್ಕೂ ಸಿಹಿ ಉಳಿಯುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಒತ್ತಿ ಹೇಳುವ ಮಾತು ಇದೊಂದೇ.

22ನೇ ದಿನ ಸೋಸುವ ದಿನ. ತೊಳೆದು ಒಣಗಿಸಿದ ಬಿಳಿ ಬಟ್ಟೆಯಲ್ಲಿ ರಸ ಸೋಸಿ, ಸಿಪ್ಪೆ ಬೀಜ ಬಿಸಾಡಿ, ಜಾಡಿ ತೊಳೆದು ಮತ್ತೆ ತುಂಬುತ್ತಾರೆ. ಇಲ್ಲಿಂದ ಮುಂದೆ ಕೈ ಹಾಕುವಂತಿಲ್ಲ, ಅಲುಗಿಸುವಂತಿಲ್ಲ. ಗಾಳಿ ಈಗ ಶತ್ರು. ಹೆಚ್ಚು ಗಾಳಿ ಆಡಿದರೆ ಬ್ಯಾಕ್ಟೀರಿಯಾ ಸೇರಿ ವೈನ್ ವಿನೆಗರ್ ಆಗುತ್ತದೆ. ತಿಳಿಯಾಗಲು ಒಂದು ಮೊಟ್ಟೆಯ ಬಿಳಿಯನ್ನು ನೊರೆಯೆಬ್ಬಿಸಿ ಹಾಕುವ ಪದ್ಧತಿ ಹಲವು ಮನೆಗಳಲ್ಲಿದೆ. ಅದು ಒಗರಿನ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ಹೆಸರಾಂತ ವೈನುಗಳನ್ನೂ ಶತಮಾನಗಳಿಂದ ಮೊಟ್ಟೆಯ ಬಿಳಿಯಿಂದಲೇ ತಿಳಿ ಮಾಡುತ್ತ ಬಂದಿದ್ದಾರೆ. ಕೊನೆಗೆ ಬಣ್ಣ ಸಾಲದು ಎನಿಸಿದರೆ ಸಕ್ಕರೆಯನ್ನು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ನೀರಲ್ಲಿ ಕರಗಿಸಿ ಸೇರಿಸುತ್ತಾರೆ. ತಳದ ಗಸಿ ಕದಡದಂತೆ ಮೇಲಿನ ತಿಳಿಯನ್ನಷ್ಟೇ ಬಾಟಲಿಗೆ ಇಳಿಸುವುದು ಮನೆಯ ಹಿರಿಯ ಹೆಂಗಸಿನ ಕೆಲಸ, ಅದನ್ನು ಆಕೆ ಬೇರೆಯವರಿಗೆ ಬಿಡುವುದಿಲ್ಲ.

ಕರಾವಳಿಗೆ ಇಳಿದರೆ ಜಾಡಿ ಭರಣಿಯಾಗುತ್ತದೆ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೋಲಿಕರ ನತಾಲಿನಲ್ಲಿ (ಕ್ರಿಸ್‌ಮಸ್‌ನಲ್ಲಿ) ಹಬ್ಬದ ತಿಂಡಿಗಳಾದ ಕುಸ್ವಾರಿನ ತಟ್ಟೆ ಹೋದ ಕಡೆ ವೈನಿನ ಪುಟ್ಟ ಲೋಟವೂ ಹೋಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ ತುಂಬಿದ ಆ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುವಂಥದ್ದು. ಲೋಟ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದು ಕೊಡುವವರಿಗೆ ಚೆನ್ನಾಗಿ ಗೊತ್ತು. ದ್ರಾಕ್ಷಿ ಘಟ್ಟದ ಮೇಲಿನಿಂದ ಬರಬೇಕಾದ ಆ ಸೀಮೆಯಲ್ಲಿ ಕೈಗೆ ಸಿಕ್ಕಿದ್ದೆಲ್ಲ ಭರಣಿಗೆ ಬಿದ್ದಿದೆ: ಅನಾನಸು, ನೆಲ್ಲಿಕಾಯಿ, ನೇರಳೆ, ಬೀಟ್‌ರೂಟ್, ಶುಂಠಿ, ಅಕ್ಕಿ. ಇವುಗಳಲ್ಲಿ ನೇರಳೆಯದು ಅತ್ಯುತ್ತಮ. ಅದರ ಒಗರು ಹುದುಗಿದ ಮೇಲೆ ಮೆತ್ತಗಾಗಿ, ದ್ರಾಕ್ಷಿಗೂ ಬಾರದ ಒಂದು ಆಳ ಬರುತ್ತದೆ. ಬೀಟ್‌ರೂಟ್ ವೈನಿನ ಬಣ್ಣ ಕಣ್ಣಿಗೆ ಹಬ್ಬ, ಮಣ್ಣಿನ ವಾಸನೆ ಹೋಗಬೇಕಾದರೆ ಮಾತ್ರ ಲಿಂಬೆಹಣ್ಣು ಮತ್ತು ಶುಂಠಿ ಧಾರಾಳವಾಗಿ ಬೇಕು.

ಇದೇ ವೈನನ್ನು ಚರ್ಚಿನ ಬಲಿಪೂಜೆಯಲ್ಲಿ ಬಳಸುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಪೂಜೆಯ ದ್ರಾಕ್ಷಾರಸ ದ್ರಾಕ್ಷಿಯಿಂದ ಸಹಜವಾಗಿ ಬಂದದ್ದಾಗಿರಬೇಕು, ಕೆಟ್ಟಿರಬಾರದು ಎಂದು ಕ್ಯಾಥೋಲಿಕ್ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ ಹೇಳುತ್ತದೆ. ನೀರು, ಸಕ್ಕರೆ, ಗೋಧಿ, ಲವಂಗ ಹಾಕಿದ ಮನೆ ವೈನಿಗೆ ಅಲ್ಲಿ ಜಾಗವಿಲ್ಲ. ಇದು ಊಟದ ಮೇಜಿನದು, ನೆಂಟರದು. ಕಾನಾ ಊರಿನ ಮದುವೆಮನೆಯಲ್ಲಿ ಆರು ಕಲ್ಲಿನ ಬಾನಿಗಳ ನೀರು ದ್ರಾಕ್ಷಾರಸವಾದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಅಲ್ಲೂ ವಿಷಯ ನೆಂಟರಿಗೆ ಕಡಿಮೆ ಬೀಳಬಾರದು ಎಂಬುದೇ.

ಕುಡಿಯದವರ ಪಾನೀಯವೊಂದು ಇದರ ಪಕ್ಕದಲ್ಲೇ ಬೆಳೆದಿದೆ, ಜಿಂಜರ್ ವೈನ್. ಇಂಗ್ಲೆಂಡಿನಲ್ಲಿ 18ನೇ ಶತಮಾನದಿಂದಲೂ ಇರುವ ಜಿಂಜರ್ ವೈನಿನಲ್ಲಿ ಆಲ್ಕೋಹಾಲ್ ಇದೆ. ಅದು ನಮ್ಮ ಆಂಗ್ಲೋ ಇಂಡಿಯನ್ ಮನೆಗಳಿಗೆ ಬಂದ ಮೇಲೆ ಹೆಚ್ಚಿನ ಕಡೆ ಆಲ್ಕೋಹಾಲ್ ಬಿಟ್ಟುಕೊಟ್ಟಿತು. ಜಜ್ಜಿದ ಹಸಿ ಶುಂಠಿ, ಚಕ್ಕೆ, ಲವಂಗ, ಎರಡು ಒಣ ಮೆಣಸಿನಕಾಯಿಯನ್ನು ಸಕ್ಕರೆ ನೀರಿನಲ್ಲಿ ಕುದಿಸಿ ಸೋಸಿ, ಲಿಂಬೆ ರಸ ಹಿಂಡಿ, ಹುರಿದ ಸಕ್ಕರೆಯ ಬಣ್ಣ ಕೊಟ್ಟರೆ ಮುಗಿಯಿತು. ಹುದುಗಿಸುವುದಿಲ್ಲ, ಕಾಯುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ ಗಂಟಲಿಗೆ ಇಳಿಯುವ ಆ ಖಾರಕ್ಕೆ ಮಕ್ಕಳೂ ಅಜ್ಜಂದಿರೂ ಒಟ್ಟಿಗೆ ಲೋಟ ಚಾಚುತ್ತಾರೆ. ವೈನ್ ಮುಟ್ಟದ ಅತಿಥಿ ಬಂದರೆ ಸಂಕೋಚವಿಲ್ಲದೆ ಕೊಡಲು ಇದಿದೆ ಎಂಬ ಕಾರಣಕ್ಕೇ ನಾನು ಇದನ್ನು ವೈನಿನಷ್ಟೇ ಮೇಲಿಡುತ್ತೇನೆ.

ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಬಂಗಲೆಗಳಲ್ಲಿ ಈ ಎರಡೂ ಪಾನೀಯಗಳಿಲ್ಲದೆ ಕ್ರಿಸ್‌ಮಸ್ ಇರಲಿಲ್ಲ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಹಿಡಿದ ಮೇಲೆ ಅಲ್ಲಿ ನೆಲೆಸಿದ ಬ್ರಿಟಿಷ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳಿಂದಾಗಿ ಕೆಜಿಎಫ್‌ಗೆ ‘ಲಿಟಲ್ ಇಂಗ್ಲೆಂಡ್’ ಎಂಬ ಹೆಸರೇ ಬಿದ್ದಿತ್ತು. ಅಲ್ಲಿನ ಕುಟುಂಬಗಳು ಸ್ವಾತಂತ್ರ್ಯದ ನಂತರ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ಚದುರಿದವು. 2001ರಲ್ಲಿ ಗಣಿಯೂ ಮುಚ್ಚಿತು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಅವರು ಆಂಗ್ಲೋ ಇಂಡಿಯನ್ ಅಡುಗೆಯನ್ನು ಪುಸ್ತಕಗಳಲ್ಲಿ ದಾಖಲಿಸದೇ ಹೋಗಿದ್ದರೆ ಆ ಅಡುಗೆಮನೆಗಳ ಎಷ್ಟೋ ಅಳತೆಗಳು ಅವರ ತಲೆಮಾರಿನ ಜೊತೆಗೇ ಹೋಗಿಬಿಡುತ್ತಿದ್ದವು.

ಜರ್ಮನಿಯ ಕ್ರಿಸ್‌ಮಸ್ ಸಂತೆಗಳಲ್ಲಿ ಹಬೆಯಾಡುವ ಗ್ಲೂವೈನ್ ಇದೆ, ಮುಂಬೈಯ ಈಸ್ಟ್ ಇಂಡಿಯನ್ ಕ್ರೈಸ್ತ ಸಮುದಾಯಕ್ಕೆ ಮಸಾಲೆ ಹಾಕಿ ಕಾಯಿಸಿದ ಖಿಮಾಡ್ ಇದೆ. ಎರಡರಲ್ಲೂ ಇರುವುದು ನಮ್ಮ ಜಾಡಿಯಲ್ಲಿರುವ ಅದೇ ಚಕ್ಕೆ, ಲವಂಗ. ಆದರೆ ಅವೆರಡೂ ಸಿದ್ಧವಾದ ಮದ್ಯಕ್ಕೆ ಮಸಾಲೆ ಕೂಡಿಸಿ ಮಾಡುವಂಥವು. ಹಣ್ಣಿನಿಂದ ಹಿಡಿದು ಲೋಟದವರೆಗೆ ಮನೆಯೊಳಗೇ ಆಗುವುದು ನಮ್ಮ ಕಡೆಯ ವಿಶೇಷ.

ಕಾನೂನಿನ ಮಾತನ್ನೂ ಹೇಳಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ತಯಾರಿಸಲು ಮತ್ತು ಮಾರಲು ಪರವಾನಗಿ ಬೇಕು. 2019ರ ಡಿಸೆಂಬರಿನಲ್ಲಿ ಕೇರಳದ ಅಬಕಾರಿ ಇಲಾಖೆ ಮನೆ ವೈನಿನ ಬಗ್ಗೆ ಎಚ್ಚರಿಕೆ ಕೊಟ್ಟಾಗ ಅಲ್ಲಿನ ಕ್ರೈಸ್ತ ಮನೆಗಳಲ್ಲಿ ದೊಡ್ಡ ಚರ್ಚೆಯೇ ಎದ್ದಿತ್ತು. ಹಬ್ಬದ ಹೊತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ‘ಮನೆ ವೈನ್’ ಎಂದು ಬಾಟಲಿ ಮಾರುವವರಿಂದ ದೂರವಿರುವುದೇ ಲೇಸು. ಯಾವ ಪಾತ್ರೆಯಲ್ಲಿ ಮಾಡಿದ್ದು, ಏನು ಬೆರೆಸಿದ್ದು ಎಂದು ತಿಳಿಯುವ ದಾರಿ ಇಲ್ಲ. ಹಬ್ಬದ ವೈನಿನ ಮರ್ಯಾದೆ ಇರುವುದು ಅದು ಮಾರಾಟದ ಸರಕಲ್ಲ ಎಂಬುದರಲ್ಲಿ. ಸಿಹಿಯ ಮರೆಯಲ್ಲಿ ಆಲ್ಕೋಹಾಲ್ ಗೊತ್ತಾಗುವುದಿಲ್ಲವಾದ್ದರಿಂದ ಸಣ್ಣ ಲೋಟವೇ ಸರಿ, ಗಾಡಿ ಓಡಿಸುವವರಿಗೆ ಅದೂ ಬೇಡ.

ಈ ಕುಶಲತೆ ಈಗ ಎರಡು ಕಡೆಯಿಂದ ಸವೆಯುತ್ತಿದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಿನ ದ್ರಾಕ್ಷಿ ಚಪ್ಪರಗಳ ಜಾಗದಲ್ಲಿ ಲೇಔಟುಗಳು ಎದ್ದವು. ಉಳಿದ ರೈತರಲ್ಲೂ ಹಲವರು ಹೆಚ್ಚು ಬೆಲೆ ಸಿಗುವ ದಿಲ್‌ಖುಷ್‌ನಂಥ ತಳಿಗಳತ್ತ ತಿರುಗಿದ್ದಾರೆ. ಇತ್ತ ಮನೆಗಳಲ್ಲಿ ಜಾಡಿ ಇಡಲು ಕತ್ತಲ ಮೂಲೆಯಿಲ್ಲದ ಫ್ಲ್ಯಾಟುಗಳು, 21 ದಿನ ಬಿಡದೆ ಸೌಟು ಹಿಡಿಯಲು ಪುರುಸೊತ್ತಿಲ್ಲದ ಮಕ್ಕಳು. ಜಿಐ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬಳ್ಳಿ ಉಳಿಯುವುದಿಲ್ಲ, ಕೊಳ್ಳುವವರಿದ್ದರೆ ಉಳಿಯುತ್ತದೆ. ಮಾರುಕಟ್ಟೆಯಲ್ಲಿ ಬೀಜವಿಲ್ಲದ ದ್ರಾಕ್ಷಿಯ ಪಕ್ಕದಲ್ಲಿ ಬೆಂಗಳೂರು ಬ್ಲೂ ಕಂಡರೆ ಕೊಂಡುಕೊಳ್ಳಿ, ವೈನಿಗಲ್ಲದಿದ್ದರೆ ರಸಕ್ಕೆ, ಜಾಮಿಗೆ. ಈ ಡಿಸೆಂಬರಿನಲ್ಲಿ ನಿಮಗೆ ಯಾರಾದರೂ ಮನೆ ವೈನನ್ನೋ ಜಿಂಜರ್ ವೈನನ್ನೋ ಕೊಟ್ಟರೆ, ಮಾಡಿದ ಅಜ್ಜಿಯ ಬಳಿ ಕೂತು ಎಷ್ಟು ಹಣ್ಣು, ಎಷ್ಟು ಸಕ್ಕರೆ, ಎಷ್ಟು ದಿನ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಆಕೆ ‘ಕಣ್ಣಳತೆ’ ಎಂದರೆ ಬಿಡಬೇಡಿ, ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಬರೆಯಿರಿ.