ಆಂಟಿಬಯಾಟಿಕ್ ಜೊತೆ ಪ್ರೋಬಯಾಟಿಕ್ ಏಕೆ?

ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಕೊಡುವಾಗ ಕೆಲವರಿಗೆ ಪ್ರೋಬಯಾಟಿಕ್ ಕ್ಯಾಪ್ಸೂಲನ್ನೂ ಕೊಡುತ್ತಾರೆ. ಏಕೆ?

ಆಂಟಿಬಯಾಟಿಕ್ ರೋಗಾಣುವಿನ ಜೊತೆಗೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಪೈರು ಒತ್ತಾಗಿರುವ ಗದ್ದೆಯಲ್ಲಿ ಕಳೆಗೆ ಜಾಗವಿರುವುದಿಲ್ಲ; ಪೈರು ಸತ್ತರೆ ಎಲ್ಲೆಲ್ಲೂ ಕಳೆಯೇ. ಹಾಗೆಯೇ ತೆರವಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಹಬ್ಬಬಹುದು. ಅದರ ಬೀಜಕಣಗಳು ಆಸ್ಪತ್ರೆಯ ಮಂಚ, ಬಾಗಿಲ ಹಿಡಿಗಳ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲವು. ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಬಿಡುವ ವಿಷ ಕರುಳಿನ ಒಳಪದರವನ್ನು ಕೆಡಿಸಿ ತೀವ್ರ ಭೇದಿ ತರುತ್ತದೆ.

ಪ್ರೋಬಯಾಟಿಕ್‌ನ ಜೀವಾಣುಗಳು ತಾತ್ಕಾಲಿಕವಾಗಿ ಆ ಜಾಗ ಹಿಡಿದು, ಆಮ್ಲ ಉತ್ಪಾದಿಸಿ ಡಿಫಿಸಿಲ್‌ನ ಬೆಳವಣಿಗೆಗೆ ಅಡ್ಡಿಯಾಗುತ್ತವೆ. ಅವುಗಳಲ್ಲಿ ಒಂದಾದ ಸ್ಯಾಕರೊಮೈಸಿಸ್ ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಹಾಗಾಗಿ ಆಂಟಿಬಯಾಟಿಕ್‌ಗೆ ಸಾಯುವುದಿಲ್ಲ. ಆದರೆ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಲ್ಲಿ ಈ ಜೀವಾಣುಗಳೇ ರಕ್ತಕ್ಕೆ ಸೇರಿ ಅಪಾಯ ತರಬಹುದು. ಆದ್ದರಿಂದ ವೈದ್ಯರು ಹೇಳಿದರಷ್ಟೇ ತೆಗೆದುಕೊಳ್ಳಿ.